ಬೈಗುಳ ಬಿಟ್ಟ ಮನೆಯಲ್ಲೊಬ್ಬ ಬಾಕ್ಸರ್

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಎರಡು ಸ್ಟೀಲಿನ ಬಟ್ಟಲುಗಳಿವೆ. ಒಂದರಲ್ಲಿ ನಮ್ಮ ತಾಯಿಯ ಹಲ್ಲಿನ ಸೆಟ್ಟು ನೀರಿನಲ್ಲಿ ಮುಳುಗಿರುತ್ತದೆ. ಇನ್ನೊಂದರಲ್ಲಿ ನನ್ನ ತಮ್ಮನ ಮಗಳು ತ್ರಿಶಲಾಳ ರಬ್ಬರಿನ ಹಲ್ಲುಗವಸು. ಬಾಕ್ಸಿಂಗ್ ಆಡುವವರು ಗುದ್ದು ಬಿದ್ದಾಗ ಹಲ್ಲು ಉದುರದಿರಲೆಂದು ಬಾಯಲ್ಲಿ ಕಚ್ಚಿಕೊಳ್ಳುವಂಥದ್ದು. ಒಂದು ಹೋದ ಹಲ್ಲಿನ ಬಾಬತ್ತು, ಇನ್ನೊಂದು ಹೋಗಬಾರದ ಹಲ್ಲಿನ ಬಾಬತ್ತು. ಬೆಳಿಗ್ಗೆ ಚಹಾ ಕುಡಿಯುತ್ತ ಇವೆರಡನ್ನೂ ನೋಡುತ್ತ ಕೂತರೆ ನನಗೆ ಸಿನಿಮಾದವರ ಮೇಲೆ ಸ್ವಲ್ಪ ಸಂಶಯ ಬರುತ್ತದೆ.

ಯಾಕೆಂದರೆ ಬಾಕ್ಸಿಂಗ್ ಸಿನಿಮಾದಲ್ಲಿ ಹೊಡೆದಾಡುವವರು ಆ ಗವಸನ್ನು ಕಚ್ಚಿಕೊಂಡೇ ಉದ್ದುದ್ದ ಮಾತಾಡುತ್ತಾರೆ. ಒಂದು ಗುದ್ದಿಗೆ ನಾಲ್ಕು ಮಾತು. ಒಮ್ಮೆ ಯಾರೂ ಇಲ್ಲದಾಗ ನಾನು ಆ ಗವಸನ್ನು ಚೆನ್ನಾಗಿ ತೊಳೆದು ಬಾಯಲ್ಲಿಟ್ಟುಕೊಂಡು, ಕನ್ನಡಿಯ ಮುಂದೆ ನಿಂತು, ನನಗೆ ನಾನೇ ಒಂದು ಬೆದರಿಕೆ ಹಾಕಿ ನೋಡಿದೆ. ಜೊಲ್ಲು ಮಾತ್ರ ಬಂತು. ತೆಗೆದು ಮತ್ತೆ ತೊಳೆದು ಬಟ್ಟಲಿನಲ್ಲಿಟ್ಟೆ. ಈ ವಿಷಯ ತ್ರಿಶಲಾಳಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಬಾಕ್ಸಿಂಗ್ ಸಿನಿಮಾ ಎಂದರೆ ನನಗೆ ಹುಚ್ಚು. ಒಂದು ಕಾಲಕ್ಕೆ ಅಕ್ಕೋಳದಿಂದ ಸೈಕಲ್ ಹೊಡೆದುಕೊಂಡು ನಿಪ್ಪಾಣಿಯ ಟಾಕೀಸಿಗೆ ಹೋಗಿ ನೋಡುತ್ತಿದ್ದೆ. ಈಗ ಮನೆಯ ಟೀವಿಯಲ್ಲಿ, ಆಯಿಯ ಪಕ್ಕದಲ್ಲಿ ಕೂತು ನೋಡುತ್ತೇನೆ. ಆಯಿ ಎಂದರೆ ನಮ್ಮ ತಾಯಿ. ಹೊಡೆದಾಟದ ಹಿಂದಿನ ದಿನ ಇಬ್ಬರನ್ನೂ ತೂಗುತ್ತಾರಲ್ಲ, ಆಗ ಆ ಇಬ್ಬರು ಮೂಗಿಗೆ ಮೂಗು ಹಚ್ಚಿ ನಿಂತು ಒಬ್ಬರಿಗೊಬ್ಬರು ಬೈದುಕೊಳ್ಳುವ ದೃಶ್ಯ ಬಂದೇ ಬರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಆಯಿ ಕೇಳಿದಳು:

"ಇಷ್ಟ ಹತ್ರ ನಿಂತು ಯಾಕ ಒದರಾಕತ್ತಾರ್ರಿ? ಕಿವಿ ಮಂದ ಅದಾವೇನ?"

"ಇಲ್ರಿ ಆಯಿ, ಬೈಯಾಕತ್ತಾರ. ಎದುರಿನವನ ಧೈರ್ಯಾ ಕೆಡಸಾಕ."

"ಉಂಡಾರೇನ ಇಬ್ರೂ?"

"ತೂಕಾ ಕೊಡೂತನಾ ಉಣ್ಣಂಗಿಲ್ರಿ."

"ಹಂಗ ಹೇಳ್ರಿ ಮತ್ತ. ಹಸದಾರ, ಪಾಪ," ಎಂದು ಆಯಿ ಆ ಬೈಗುಳವನ್ನೆಲ್ಲ ಹಸಿವಿನ ತಲೆಗೆ ಕಟ್ಟಿ ಮುಗಿಸಿಬಿಟ್ಟಳು.

ಸಿನಿಮಾದ ನಿಯಮ ಸರಳ. ಖಳನಾಯಕ ಬೈಯುತ್ತಾನೆ, ನಾಯಕನ ತಾಯಿಯನ್ನು, ತೀರಿಹೋದ ತಂದೆಯನ್ನು, ಅವನ ಹರಕು ಬೂಟನ್ನು. ನಾಯಕ ಎಲ್ಲವನ್ನೂ ನುಂಗಿಕೊಂಡು ಹೋಗಿ ಗುಡ್ಡ ಹತ್ತಿ ಓಡುತ್ತಾನೆ, ಹಸಿ ಮೊಟ್ಟೆ ಕುಡಿಯುತ್ತಾನೆ, ಬಂದು ಬೈದವನನ್ನು ಮಲಗಿಸುತ್ತಾನೆ. ಒಟ್ಟಿನಲ್ಲಿ ನಾಯಕನಿಗೆ ಬೈಗುಳವೆಂದರೆ ಕಬ್ಬಿಗೆ ಗೊಬ್ಬರವಿದ್ದಂತೆ. ನಮ್ಮ ಕಡೆಯ ಕುಸ್ತಿ ಕಣದಲ್ಲಿ ಇಂಥದ್ದಿಲ್ಲ. ಪೈಲ್ವಾನರು ತೊಡೆ ತಟ್ಟಿ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಸುಮ್ಮನೆ ಹಿಡಿದುಕೊಳ್ಳುತ್ತಾರೆ. ಮಾತಿನ ಕೆಲಸವನ್ನೆಲ್ಲ ಮೈಕು ಹಿಡಿದವನಿಗೆ ಬಿಟ್ಟಿರುತ್ತಾರೆ, ಅವನು ಕೂಡ ಹೆಚ್ಚಾಗಿ ಗೆದ್ದವರಿಗೆ ಸುತ್ತುವ ಫೇಟಾ ಕೊಟ್ಟವರ ಹೆಸರನ್ನೇ ಹೇಳುತ್ತಿರುತ್ತಾನೆ. ಹಾಗಾಗಿ ಬೈಗುಳವೂ ಕುಸ್ತಿಯ ಪಟ್ಟಿನಂಥ ಒಂದು ಡಾವು ಎಂಬುದನ್ನು ನಾನು ಸಿನಿಮಾದಿಂದಲೇ ಕಲಿತೆ. ಬೈಸಿಕೊಂಡವರು ಗುಡ್ಡ ಹತ್ತದೆ ಸುಮ್ಮನೆ ಅಳುತ್ತ ಕೂಡಲೂಬಹುದು ಎಂಬುದನ್ನು ಯಾವ ಸಿನಿಮಾವೂ ನನಗೆ ಹೇಳಿರಲಿಲ್ಲ.

ಅದನ್ನು ಹೇಳುವ ಮೊದಲು ನಮ್ಮ ಮನೆತನದ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ನಾವು ಜೈನರು, ಕಬ್ಬು ಬೆಳೆಯುವವರು. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ. ಆಗ ಊರಿಗೆ ಮುನಿಗಳು ಬಂದು ತಂಗಿದರೆ ಒಬ್ಬೊಬ್ಬರೂ ಅವರ ಮುಂದೆ ಏನಾದರೊಂದನ್ನು ಬಿಡುವ ನಿಯಮ ಹಿಡಿಯುತ್ತಾರೆ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಬೆಲ್ಲ ಬಿಡುತ್ತಾರೆ. ನನ್ನ ಅಜ್ಜನ ಸರದಿ ಬಂದಾಗ ಅವನಿಗೆ ಬಿಡುವಂಥದ್ದೇನೂ ಕಾಣಲಿಲ್ಲ. ಅವನಿಗೆ ಬದನೆಕಾಯಿ ಬೇಕು, ಬೆಲ್ಲವೂ ಬೇಕು, ತುಪ್ಪವಂತೂ ಬೇಕೇ ಬೇಕು. ನಿಂತು ನಿಂತು ಯೋಚಿಸಿ, ಎಲ್ಲಕ್ಕಿಂತ ಅಗ್ಗದ್ದೆಂದು, "ಬೈಯೋದು ಬಿಡ್ತೀನ್ರಿ ಮಹಾರಾಜ" ಎಂದುಬಿಟ್ಟ.

ಮನೆಗೆ ಬರುವ ದಾರಿಯಲ್ಲೇ ಎತ್ತು ಅವನ ಕಾಲು ತುಳಿಯಿತಂತೆ. ಅಜ್ಜ ಬಹಳ ಹೊತ್ತು ಎತ್ತಿನ ಮುಖ ನೋಡಿ, "ಸ್ವಲ್ಪ ಸರೀರಿ" ಎಂದನಂತೆ.

ನಾಲ್ಕು ತಿಂಗಳು ಮುಗಿದವು. ಅಷ್ಟರಲ್ಲಿ ಮನೆಯಲ್ಲಿ ಎಂಥ ಶಾಂತಿ ನೆಲೆಸಿತ್ತೆಂದರೆ, ಅಜ್ಜ ಆ ನಿಯಮವನ್ನು ಜನ್ಮಪೂರ್ತಿಗೆ ಹಿಡಿದ. ಅವನ ನಂತರದವರಿಗೆ ಅದು ಹೊಲದ ಜೊತೆಗೇ ಪಾಲಿಗೆ ಬಂತು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಮಕ್ಕಳಿಗೂ ಬರ್ರಿ, ದನಗಳಿಗೂ ಏಳ್ರಿ. ಈ ನಿಯಮವನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದವಳು ಸೊಸೆಯಾಗಿ ಬಂದ ನಮ್ಮ ಆಯಿ.

ಆದರೆ ಒಕ್ಕಲುತನವೆಂದ ಮೇಲೆ ಬೈಗುಳವಿಲ್ಲದೆ ಹೇಗೆ ನಡೆದೀತು? ಅದಕ್ಕೆ ನಮ್ಮ ಗೋಡೆಯಾಚೆಗೆ ತಾರಾ ಮಾವಶಿ ಇದ್ದಾಳೆ. ಮರಾಠಾ ಮನೆತನದವಳು, ಮಾವಶಿ ಎಂದರೆ ಅವರಲ್ಲಿ ಚಿಕ್ಕಮ್ಮ. ಮರಾಠಿಯಲ್ಲಿ ಶುರು ಮಾಡಿ, ಕನ್ನಡದಲ್ಲಿ ಬೆಳೆಸಿ, ಮತ್ತೆ ಮರಾಠಿಯಲ್ಲಿ ಮುಗಿಸುತ್ತಾಳೆ. ನಮ್ಮ ಆಯಿ ಗೋಡೆಯ ಹತ್ತಿರ ನಿಂತು ಮೆತ್ತಗೆ, "ತಾರಾಬಾಯಿ, ನೀರಗಂಟಿ ನಮ್ಮ ಪಾಳಿ ಬಂದಾಗ ನೀರ ಕಡಿಮಿ ಬಿಡಾಕತ್ತಾರ ಅಂತ ಅನಸ್ತೈತ್ರಿ" ಎನ್ನುತ್ತಿದ್ದಳು. ಅಷ್ಟೇ. ಮರುದಿನ ನೀರಗಂಟಿ ನಮ್ಮ ಓಣಿಯಲ್ಲಿ ಹಾಯ್ದಾಗ ಮಾವಶಿ ಅವನ ಅಜ್ಜ ಮುತ್ತಜ್ಜರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸುತ್ತಿದ್ದಳು. ಸಂಜೆ ನಮ್ಮ ಮನೆಯಿಂದ ಒಂದು ತಂಬಿಗೆ ಮಜ್ಜಿಗೆ ಗೋಡೆಯ ಮೇಲಿಂದ ಆಚೆ ಹೋಗುತ್ತಿತ್ತು. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದಕ್ಕೆ ಹೂಂ ಎನ್ನುವುದು ಮೂರೂ ಒಂದೇ ಪಾಪವೆಂಬ ಮಾತು ಪ್ರವಚನದಲ್ಲಿ ಬಂದಾಗಲೆಲ್ಲ ನಮ್ಮ ಮನೆಯವರು ಬಸದಿಯ ಕಂಬಗಳ ಕೆತ್ತನೆ ನೋಡುತ್ತ ಕೂತಿರುತ್ತಾರೆ.

ಇಂಥ ಮನೆಯಲ್ಲಿ ತ್ರಿಶಲಾ ಹುಟ್ಟಿದಳು. ಕಬ್ಬಿನ ಸೋಗೆಯ ಹೊರೆಯನ್ನು ಟ್ರಾಲಿಯ ಮೇಲೆ ಚೆಂಡಿನಂತೆ ಎಸೆಯುತ್ತಿದ್ದವಳನ್ನು ಫೌಜಿ ಸರ್ ನೋಡಿದರು. ಸೈನ್ಯದಿಂದ ನಿವೃತ್ತರಾಗಿ ಬಂದು, ನಿಪ್ಪಾಣಿಯ ಒಂದು ಖಾಲಿ ತಂಬಾಕಿನ ಗೋದಾಮಿನಲ್ಲಿ ಮಕ್ಕಳಿಗೆ ಬಾಕ್ಸಿಂಗ್ ಕಲಿಸುವವರು ಅವರು. ಮನೆಗೆ ಬಂದು ಕೇಳಿದಾಗ ಆಯಿ, "ಹೊಡ್ಯಾಟದಾಗ ಹಿಂಸಾ ಆಗಂಗಿಲ್ಲೇನ್ರಿ?" ಎಂದಳು. ಸರ್ ಗ್ಲೌಸು ತೋರಿಸಿ, "ಕೈಗೆ ಗಾದಿ ಕಟ್ಟಿರ್ತೀವ್ರಿ ಆಯಿ" ಎಂದರು. ಆಯಿ ಅದನ್ನು ಒತ್ತಿ ನೋಡಿ, ತನ್ನ ದಿಂಬಿಗಿಂತ ಮೆತ್ತಗಿದೆಯೆಂದು ಒಪ್ಪಿಕೊಂಡಳು. ಗುದ್ದಬಾರದೆಂದು ಅಜ್ಜ ನಿಯಮವನ್ನೇನೂ ಹಿಡಿದಿರಲಿಲ್ಲವಲ್ಲ.

ತ್ರಿಶಲಾಳ ಗುದ್ದು ಚೆನ್ನಾಗಿತ್ತು. ಕಾಲು ಇನ್ನೂ ಚೆನ್ನಾಗಿದ್ದವು. ಹೀಗಿರುವಾಗ ಚಿಕ್ಕೋಡಿಯಲ್ಲಿ ಅವಳ ಮೊದಲ ದೊಡ್ಡ ಪಂದ್ಯ ಬಂತು. ಸಿನಿಮಾದಂತೆ ಕಣದೊಳಗೆ ಮಾತಾಡಲು ಇಲ್ಲಿ ಬಿಡುವುದಿಲ್ಲ, ರೆಫರಿ ತಕ್ಷಣ ತಾಕೀತು ಮಾಡುತ್ತಾರೆ. ಹಾಗಾಗಿ ಮಾತಿನ ಕೆಲಸವೆಲ್ಲ ಬೆಳಿಗ್ಗೆ ತೂಕದ ಸಾಲಿನಲ್ಲೇ ಮುಗಿಯಬೇಕು. ಇವಳ ಎದುರಾಳಿ, ಕಾಗವಾಡದ ರೇಶ್ಮಾ ಎಂಬ ಹುಡುಗಿ, ಇವಳ ಹಿಂದೆಯೇ ನಿಂತಿದ್ದಳು. ಅವಳು ಬಗ್ಗಿ, "ಏ ಹಾಲಬಾನಾ, ನಿನ್ನ ಮೂಗ ಕಿತ್ತು ಕೈಯಾಗ ಕೊಡ್ತೀನಿ. ಒಯ್ಯಾಕ ಚೀಲಾ ತಂದೀಯಿಲ್ಲೋ?" ಎಂದಳು. ಹಾಲಬಾನವೆಂದರೆ ಕೂಸುಗಳಿಗೆ ಉಣಿಸುವ ಹಾಲನ್ನ.

ತ್ರಿಶಲಾ ಅತ್ತಳು. ತೂಕದ ಕಾಟಾದ ಮೇಲೆ ನಿಂತು ಅತ್ತಳು, ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತ ಅತ್ತಳು, ಕಣದಲ್ಲಿ ಕಣ್ಣು ಕಾಣದೆ ನಿಂತು ಗುದ್ದಿಸಿಕೊಂಡು ಬಂದಳು. ಫೌಜಿ ಸರ್, "ಎಲ್ಲಿ ಬಡೀತ ಮಗಳ?" ಎಂದು ಕೇಳಿದರೆ, "ಬಡದಿದ್ದು ಏನಲ್ರಿ ಸರ್. ನನಗ ಯಾರೂ ಹಂಗ ಅಂದಿದ್ದಿಲ್ರಿ" ಎಂದಳು.

ಈ ಸುದ್ದಿ ಎಲ್ಲ ಹುಡುಗಿಯರಿಗೂ ತಿಳಿಯಿತು. ಅಕ್ಕೋಳದ ತ್ರಿಶಲಾಳನ್ನು ಗೆಲ್ಲಲು ಗುದ್ದಬೇಕಿಲ್ಲ, ಒಂದು ಮಾತು ಸಾಕು ಎಂದಾಯಿತು. ಮುಂದೆ ಅಥಣಿಯಲ್ಲಿ ಆಯ್ಕೆಯ ಪಂದ್ಯವಿತ್ತು. ಅದರಲ್ಲಿ ಗೆದ್ದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಒಳ್ಳೆಯ ತರಬೇತಿ. ಅವಳ ವಯಸ್ಸಿನವರಿಗೆ ಅದೇ ಕೊನೆಯ ವರ್ಷ. ತ್ರಿಶಲಾ ಯಾವತ್ತೂ ಏನನ್ನೂ ಕೇಳಿದವಳಲ್ಲ. ಅಂದು ಊಟಕ್ಕೆ ಕೂತಾಗ, "ನನಗ ಅಲ್ಲಿ ಹೋಗಬೇಕ್ರಿ. ಯಾರರ ನನಗ ಬೈಸ್ಕೊಳ್ಳೋದು ರೂಢಿ ಮಾಡಸ್ರಿ" ಎಂದಳು. ಎಲ್ಲರ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಎಲ್ಲರೂ ಆಯಿಯ ಮುಖ ನೋಡಿದೆವು. ಆಯಿ, "ಔಷಧ ಅಂದ್ರ ಕಹಿ ಇರೂದ. ಮನಸಿನ್ಯಾಗಿಂದ ಬರಬಾರದು, ಬಾಯಿಂದ ಅಷ್ಟ ಬರಬೇಕು" ಎಂದು ಒಪ್ಪಿಗೆ ಕೊಟ್ಟಳು.

ಮೊದಲ ಪ್ರಯತ್ನ ತಂದೆಯದು. ನನ್ನ ತಮ್ಮ ಭರತೇಶ ಮಗಳ ಎದುರಿಗೆ ನಿಂತು, ಗಂಟಲು ಸರಿಮಾಡಿಕೊಂಡು, "ತ್ರಿಶಲಾ, ನೀವು... ನೀವು ಅಂಥಾ ಏನ ಭಾಳ ಚಲೋ ಆಡಂಗಿಲ್ರಿ" ಎಂದ. ಅಷ್ಟಕ್ಕೇ ಅವನ ಕಣ್ಣು ತುಂಬಿದವು. ಮಗಳೇ ಅವನನ್ನು ಸಮಾಧಾನ ಮಾಡಬೇಕಾಯಿತು. ಆಮೇಲೆ ನಾನು. ಸಿನಿಮಾದ ಅನುಭವವಿದ್ದವನು ನಾನೊಬ್ಬನೇ. ಎದೆಯುಬ್ಬಿಸಿ ಅವಳ ಗೋರಿಯ ವಿಷಯ ತೆಗೆದೆ. ತೆಗೆದ ಮೇಲೆ, ನಮ್ಮಲ್ಲಿ ಸುಡುವುದಲ್ಲವೇ ಎಂಬುದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದೆ. "ದೊಡ್ಡಪ್ಪಾರ, ಮುಂದ ಹೇಳ್ರಿ" ಎಂದಳು ತ್ರಿಶಲಾ. ಮುಂದೇನೂ ಇರಲಿಲ್ಲ.

ಇನ್ನುಳಿದವಳು ಅವಳ ತಾಯಿ ಸುನಂದಾ. ರಾಯಬಾಗದ ಹೆಣ್ಣುಮಗಳು, ತುಂಬಿದ ಮನೆಯಲ್ಲಿ ಅಣ್ಣತಮ್ಮಂದಿರ ಗದ್ದಲದ ನಡುವೆ ಬೆಳೆದವಳು. "ನನಗ ಬರಂಗಿಲ್ರಿ" ಎಂದು ಒಲೆಯ ಮೇಲಿನ ಹಾಲು ನೋಡಲು ಹೋದಳು.

ಕೊನೆಗೆ ಗೋಡೆಯಾಚೆಗೆ ಹೋಗಲೇಬೇಕಾಯಿತು. ತಾರಾ ಮಾವಶಿ ದಿನಾ ಸಂಜೆ ತ್ರಿಶಲಾಳ ಸ್ಕೂಟಿಯ ಹಿಂದೆ ಕೂತು ಗೋದಾಮಿಗೆ ಹೋಗತೊಡಗಿದಳು. ಅವಳಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ. ಆದರೆ ಮೊದಲ ದಿನ ಭಾರೀ ಫಜೀತಿಯಾಯಿತು. ನೀರಗಂಟಿಯನ್ನು, ಹಾಲಿನವನನ್ನು, ಪಂಚಾಯಿತಿ ಸದಸ್ಯನನ್ನು ಬೈದ ಬಾಯಿ ತಾನು ಎತ್ತಿ ಆಡಿಸಿದ ಕೂಸಿನ ಮುಂದೆ ಕಟ್ಟಿಹೋಯಿತು. "ಏ ಕಾರ್ಟೇ" ಎಂದು ಮರಾಠಿಯ ಪೋರಿಯಿಂದ ಶುರು ಮಾಡಿದಳು, ಮುಂದೆ ಬರಲಿಲ್ಲ. ಇವಳೂ ಅತ್ತಳು, ಅವಳೂ ಅತ್ತಳು. ಹಳೆಯ ತಂಬಾಕಿನ ಧೂಳಿಗೆ ಇಬ್ಬರೂ ಸೀನಿದರು.

ಮರುದಿನ ಮಾವಶಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಹುಡುಗಿಗೆ ಬೆನ್ನು ಮಾಡಿ ಕೂತಳು. ಮುಖ ಕಾಣದ್ದೇ ತಡ, ಮಾತು ಸರಾಗವಾಗಿ ಹರಿಯಿತು.

"ಅಗ ಏ, ಹಾತ್ ಆಹೇತ ಕಾ ಶೇವಯಾ? ಇವೇನ ಕೈಯೋ ಶ್ಯಾವಿಗಿಯೋ? ಗುದ್ದಾಕ ಬಂದೀಯೋ, ಹಪ್ಪಳಾ ಲಟ್ಟಸಾಕ ಬಂದೀಯೋ? ನಿನ್ನ ಗುದ್ದಿಗೆ ಆ ಜೋತಾಡೂ ಚೀಲದ ಮ್ಯಾಲಿನ ನೊಣಾ ಸೈತ ಏಳವಲ್ದು! ನಿನ್ನ ಧಾಡಿ ಬಡೀಲಿ, ಕಾಲ ಎಳಿ, ಕಾಲ! ಬಸರ ಎಮ್ಮಿ ಹೊಂಡಕ್ಕ ಇಳದಂಗ ಇಳಿಯಾಕತ್ತೀಯಲ್ಲ!"

ಮೊದಲ ವಾರ ತ್ರಿಶಲಾ ಅಳುತ್ತ ಗುದ್ದಿದಳು. ಆಮೇಲೆ ಮೂಗು ಏರಿಸುತ್ತ ಗುದ್ದಿದಳು. ಆಮೇಲೆ ಒಂದು ಸಂಜೆ ಎಮ್ಮೆಯ ಮಾತಿಗೆ ನಕ್ಕುಬಿಟ್ಟಳು. ಬರಬರುತ್ತ ಆ ಗೋದಾಮಿನ ಮಕ್ಕಳೆಲ್ಲ ಆ ಹೊತ್ತಿಗೇ ಬರತೊಡಗಿದರು. ತ್ರಿಶಲಾ ಮನೆಗೆ ಬಂದು ಊಟಕ್ಕೆ ಕೂತಾಗ, "ಇವತ್ತ ಮಾವಶಿ ಕುಂಬಳಕಾಯಿ ಮ್ಯಾಲ ಭಾಳ ಚಂದ ಹೇಳಿದಳ್ರಿ" ಎಂದು ಹಾಡು ಕೇಳಿ ಬಂದವಳಂತೆ ವರದಿ ಕೊಡುತ್ತಿದ್ದಳು.

ಅಥಣಿಗೆ ನಾವೆಲ್ಲ ಒಂದು ಬಾಡಿಗೆ ಜೀಪು ಮಾಡಿಕೊಂಡು ಹೋದೆವು. ಆಯಿ, ಭರತೇಶ, ಸುನಂದಾ, ತಾರಾ ಮಾವಶಿ, ನಾನು. ಅಲ್ಲಿ ತೂಕದ ಸಾಲಿನಲ್ಲಿ ಮತ್ತೆ ಎದುರಾಳಿಯಾಗಿ ಅದೇ ರೇಶ್ಮಾ. ಅವಳು ಇವಳನ್ನು ನೋಡಿ ನಕ್ಕು, "ಬಂದೀಯೇನ ಹಾಲಬಾನಾ? ಈ ಸಲ ಮೂಗ ಕಿತ್ತು ಕೈಯಾಗ ಕೊಡ್ತೀನಿ ನೋಡ" ಎಂದಳು.

ತ್ರಿಶಲಾ ಲಕ್ಷ್ಯಗೊಟ್ಟು ಕೇಳಿದಳು. ಸ್ವಲ್ಪ ಕಾಯ್ದಳು. ಮುಂದೆ ಏನೂ ಬರದಿದ್ದಾಗ, "ಮುಗೀತೇನ್ರಿ?" ಎಂದು ಕೇಳಿದಳು.

ರೇಶ್ಮಾ ಕಣ್ಣು ಕಿರಿದು ಮಾಡಿ ನೋಡಿದಳು.

"ಮೂಗಿಂದು ಹ್ವಾದ ಸಲಾನೂ ಅಂದಿದ್ರಿ. ಅವತ್ತ ಚೀಲಾನೂ ಇತ್ತು, ಚಲೋ ಇತ್ತು. ಇವತ್ತ ಚೀಲಾ ಯಾಕ ಬಿಟ್ರಿ?" ತ್ರಿಶಲಾಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅವಳಿಗೆ ಕೆಡುಕೆನಿಸಿತ್ತು. "ನಮ್ಮ ಮಾವಶಿ ಹಂತೇಕ ಒಮ್ಮೆ ಬರ್ರಿ. ನಿಮಗ ದನೀ ಐತಿ, ಸ್ವಲ್ಪ ಹೊಸಾದು ಕಲತ್ರ ಸಾಕು."

ರೇಶ್ಮಾ ತೂಕದ ಕಾಟಾದ ಮೇಲೆ ನಿಂತಾಗಲೂ ಏನನ್ನೋ ಯೋಚಿಸುತ್ತಲೇ ಇದ್ದಳು. ಇಂಥ ಡಾವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ.

ಮೊದಲ ಸುತ್ತು ನಮ್ಮದಾಯಿತು. ಮಾವಶಿ ಪ್ರೇಕ್ಷಕರ ಕಟ್ಟೆಯ ಮೇಲಿಂದ ಶ್ಯಾವಿಗೆ, ಹಪ್ಪಳ, ಎಮ್ಮೆ ಎಲ್ಲವನ್ನೂ ಕ್ರಮವಾಗಿ ಕಳಿಸುತ್ತಿದ್ದಳು. ಅಥಣಿಯ ಜನ ಕಣ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಎರಡನೇ ಸುತ್ತಿನಲ್ಲಿ ರೇಶ್ಮಾ ಎಚ್ಚೆತ್ತುಕೊಂಡಳು. ಒಂದು ನೇರ ಗುದ್ದು ಮೂಗಿಗೆ ಬಿತ್ತು, ರಕ್ತ ಬಂತು. ರೆಫರಿ ನಿಲ್ಲಿಸಿ, ಡಾಕ್ಟರರಿಗೆ ತೋರಿಸಿ, ಮುಂದುವರಿಸಬಹುದೆಂದರು. ಆ ಸುತ್ತು ಅವರದಾಯಿತು.

ಮೂರನೆಯದು ಶುರುವಾದಾಗ ಮಾವಶಿಯ ಬಾಯಿ ನಿಂತಿತ್ತು. ಅವಳು ಆ ರಕ್ತವನ್ನೇ ನೋಡುತ್ತಿದ್ದಳು. ಮತ್ತೊಂದು ಗುದ್ದು ಬಿದ್ದಾಗ ಎದ್ದು ನಿಂತು, ಯಾವತ್ತೂ ಕೇಳದ ದನಿಯಲ್ಲಿ, "ಬಾಳಾ... ಬಂಗಾರಾ... ಸಾಕ ಬಾರ ನಮ್ಮವ್ವಾ" ಎಂದಳು.

ತ್ರಿಶಲಾ ಆ ದನಿ ಕೇಳಿ ಇತ್ತ ತಿರುಗಿದಳು. ಬೈಗುಳವನ್ನೆಲ್ಲ ಅರಗಿಸಿಕೊಂಡವಳು ಆ ಬಂಗಾರಕ್ಕೆ ಕರಗಿದಳು. ಕಣ್ಣು ತುಂಬಿದವು, ಕೈ ಇಳಿದವು. ಚಿಕ್ಕೋಡಿಯಲ್ಲಿ ನೋಡಿದ ಅದೇ ಮುಖ. ರೇಶ್ಮಾ ಮುಂದೆ ಬರುತ್ತಿದ್ದಳು. ಫೌಜಿ ಸರ್ ಹಣೆಗೆ ಕೈ ಹಚ್ಚಿದರು. ಮುಗಿಯಿತು ಎಂದುಕೊಂಡೆ.

"ತ್ರಿಶಲಾ! ಕೈ ಎತ್ತ!"

ಯಾರ ದನಿಯೆಂದು ನಮಗೇ ತಿಳಿಯಲಿಲ್ಲ. ಸುನಂದಾ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಎತ್ತ ಅಂದ್ನಿ! ಏನ ನೋಡಾಕತ್ತಿ ಖೋಡಿ, ನಾಟಕಾ ನೋಡಾಕ ಬಂದೀಯೇನ? ಅಳೂದಿದ್ರ ಮನ್ಯಾಗ ಅಳ, ಅಲ್ಲಿ ಅರಿವಿ ಅದಾವ ಒರಸಾಕ! ಹೊಡಿ! ಇಷ್ಟ ವರ್ಷ ರೊಟ್ಟಿ ಬಡದು ಹಾಕಿದ್ದು ಗುದ್ದಸ್ಕೊಳ್ಳಾಕೇನ? ಈ ಮನ್ಯಾಗ ಹೇಳಿದ್ದು ಒಬ್ಬರಿಗೂ ಕೇಳಸಂಗಿಲ್ಲ! ಹಸೀ ಟಾವೆಲ್ ಹಾಸಗಿ ಮ್ಯಾಲ ಒಗೀಬ್ಯಾಡ್ರಿ ಅಂದ್ರ ಕೇಳಸಂಗಿಲ್ಲ!"

ಇದು ಭರತೇಶನಿಗೆ ಸೇರಿದ್ದು. ಅವನು ಕೈಕಟ್ಟಿಕೊಂಡು ಕೂತು ಸ್ವೀಕರಿಸಿದ.

"ಉಂಡ ತಾಟಿನ್ಯಾಗ ಕೈ ತೊಳೀಬ್ಯಾಡ್ರಿ ಅಂದ್ರ ಕೇಳಸಂಗಿಲ್ಲ!"

ಇದು ನನ್ನದು.

"ಎಡಗೈ ಎಲ್ಲಿ ಐತಿ? ಅಡವಿಟ್ಟ ಬಂದೀಯೇನ? ಹೊಡಿಯಲೇ!"

ಮೈಕಿನವರು, "ಪ್ರೇಕ್ಷಕರು ದಯಮಾಡಿ ಶಾಂತ ಇರಬೇಕ್ರಿ" ಎಂದರು. ಸುನಂದಾ ಒಮ್ಮೆ ಅವರ ಕಡೆ ನೋಡಿದಳು. ಅವರು ಮೈಕು ಕೆಳಗಿಟ್ಟರು. ತ್ರಿಶಲಾ ಅಳುವುದನ್ನು ಮರೆತೇಬಿಟ್ಟಿದ್ದಳು. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ಕೇಳದ್ದನ್ನು ಕೇಳಿದ ಬೆರಗಿನಲ್ಲಿ ಅವಳ ಕೈಗಳು ತಾವಾಗಿಯೇ ಮೇಲೆದ್ದಿದ್ದವು. ಎಡಗೈ ಅಡವಿನಿಂದ ಬಿಡಿಸಿಕೊಂಡು ಬಂತು. ಗಂಟೆ ಬಾರಿಸುವವರೆಗೂ ಆ ತಾಯಿಯ ಬಾಯಿ ನಿಲ್ಲಲಿಲ್ಲ, ಈ ಮಗಳ ಕೈ ನಿಲ್ಲಲಿಲ್ಲ. ತೀರ್ಪುಗಾರರ ಚೀಟಿಗಳನ್ನು ಎರಡೆರಡು ಸಲ ಕೂಡಿಸಿ ನೋಡಿದರು. ರೆಫರಿ ಎತ್ತಿದ್ದು ತ್ರಿಶಲಾಳ ಕೈ. ಕೂದಲೆಳೆಯ ಗೆಲುವು.

ನಾವು ಹೊತ್ತು ಮುಳುಗುವ ಮೊದಲು ಉಣ್ಣುವವರು. ಊರಿಗೆ ಮರಳುವಾಗ ರಾಯಬಾಗದ ಹತ್ತಿರ ರಸ್ತೆ ಪಕ್ಕದ ಬೇವಿನ ಗಿಡದ ಕೆಳಗೆ ಇಳಿದು ಬುತ್ತಿ ಬಿಚ್ಚಿದೆವು. ತ್ರಿಶಲಾ ಊದಿದ ಮೂಗಿನಲ್ಲೇ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಸುನಂದಾ ಎಲ್ಲರಿಗೂ ಬಡಿಸಿ, ತಾನು ಉಣ್ಣದೆ, ಆಯಿಯ ಮುಂದೆ ತಲೆ ಬಗ್ಗಿಸಿ ಕೂತಳು.

"ತಪ್ಪಾತ್ರಿ ಆಯಿ. ನಿಯಮಾ ಮುರೀತು."

ಆಯಿ ರೊಟ್ಟಿ ಅಗಿದು ಮುಗಿಸಿದಳು. "ಇಷ್ಟ ವರ್ಷ ಇವನ್ನೆಲ್ಲಾ ಎಲ್ಲಿ ಇಟ್ಟಿದ್ರಿ ಸುನಂದಾ?"

ಸುನಂದಾ ಅತ್ತೆಯ ತಾಟಿಗೆ ಇನ್ನೊಂದು ರೊಟ್ಟಿ ನೀಡಿದಳು.

"ಎಲ್ಲಾರ ಪಾಲೂ ಕೊಟ್ರಿ. ನನ್ನ ಪಾಲಿಂದ ಏನೂ ಬರಲಿಲ್ಲ. ಉಳದೈತೇನ್ರಿ?"

"ಇಲ್ರಿ ಆಯಿ."

"ಸುಳ್ಳ ಹೇಳಬಾರದು. ಅದೂ ನಿಯಮಾನ ಐತಿ."

ಸುನಂದಾ ಬುತ್ತಿಯ ಬಟ್ಟೆಯ ಅಂಚನ್ನು ಮಡಚಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಾ ಬಂದ ಹೊಸದಾಗ ಹುಗ್ಗಿ ಮಾಡಿದ್ನಿ. ತಳಾ ಹತ್ತಿ ಕರ್ರಗ ಆಗಿತ್ತು, ಹೊಗೀ ವಾಸನಿ ಬರತಿತ್ತು. ನೀವೆಲ್ಲಾರೂ ಚಲೋ ಆಗೈತ್ರಿ, ಚಲೋ ಆಗೈತ್ರಿ ಅಂತ ಉಂಡ್ರಿ. ಇನ್ನೊಂದ ಸಲ ನೀಡಸ್ಕೊಂಡ್ರಿ. ನಮ್ಮವ್ವ ಆಗಿದ್ರ ಸೌಟ ತಗೊಂಡ ಬರತಿದ್ಲು. ನಾ ಅವತ್ತ ಒಳಗ ಹೋಗಿ ಅತ್ನಿ ಆಯಿ. ಮನಿಗೆ ಬಂದ ಬೀಗರ ಕೂಡ ಮಾತಾಡಿದಂಗ ಮಾತಾಡಿದ್ರಿ. ಒಂದ ಮಾತ ಬೈದಿದ್ರ, ಅವತ್ತ ನಾ ಈ ಮನ್ಯಾಕಿ ಆಗತಿದ್ನಿ."

ಆಯಿ ಹೊಲದಾಚೆಗೆ ಇಳಿಯುತ್ತಿದ್ದ ಹೊತ್ತನ್ನು ನೋಡಿದಳು. ಸೊಸೆಯನ್ನು ನೋಡಿದಳು. ತಾಟನ್ನು ಪಕ್ಕಕ್ಕೆ ಸರಿಸಿ, ನೆಟ್ಟಗೆ ಕೂತು, ಸೊಸೆಯಾಗಿ ಬಂದಾಗಿನಿಂದ ಬಳಸದ ದನಿಯನ್ನು ಎಲ್ಲಿಂದಲೋ ಹುಡುಕಿ ತೆಗೆದಳು.

"ಹುಗ್ಗಿ ಒಲಿ ಮ್ಯಾಲ ಇಟ್ಟು ಲಕ್ಷ್ಯ ಎಲ್ಲಿ ಇಟ್ಟಿದ್ದಿ? ಸೌಟ ಆಡಸಾಕ ಕೈಗೇನ ಧಾಡಿ ಬಡದಿತ್ತು? ಅಷ್ಟ ಗೋದಿ, ಅಷ್ಟ ಬೆಲ್ಲಾ ಸುಟ್ಟು ಬೂದಿ ಮಾಡಿದಿ! ನಿಮ್ಮವ್ವ ಇದನ್ನ ಕಲಿಸಿ ಕಳಸಿದ್ಲೇನ?"

ತಾರಾ ಮಾವಶಿ ಕೈಯ ರೊಟ್ಟಿ ಕೆಳಗಿಟ್ಟು ತಲೆದೂಗಿದಳು. ಆಯಿ ಏದುಸಿರು ಬಿಡುತ್ತ ನಿಲ್ಲಿಸಿ, "ಸಾಕೇನು?" ಎಂದು ಕೇಳಿದಳು.

ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತೆಯ ಪಕ್ಕಕ್ಕೆ ಸರಿದು ಕೂತು, ತನ್ನ ತಾಟಿಗೆ ಒಂದು ರೊಟ್ಟಿ ಹಾಕಿಕೊಂಡಳು.

"ಇನ್ನೊಂದ ಚೂರ ಬೈರಿ ಆಯಿ," ಎಂದಳು.